ರೊಟ್ಟಿ ಮೆತ್ತಗಾದದ್ದು ಯಾವಾಗ?

"ಎಂಡೋಸ್ಕೋಪಿನೇ ನಾರ್ಮಲ್ ಬಂದೈತಲ್ರಿ, ಇನ್ನೇನು?"

ಈ ಮಾತನ್ನು ನನಗೆ ನನ್ನ ಹೆಂಡತಿ ನಾಗವೇಣಿ ಹೇಳಿದಳು. ಸಿರುಗುಪ್ಪದಲ್ಲಿರುವ ಅವಳ ತಮ್ಮ ಮಲ್ಲಪ್ಪ ಹೇಳಿದ. ಪಾರ್ವತಿನಗರದ ನಮ್ಮ ಓಣಿಯ ಮೆಡಿಕಲ್ ಅಂಗಡಿಯವನು ಗ್ಯಾಸಿನ ಗುಳಿಗೆ ಕತ್ತರಿಸಿ ಕೊಡುತ್ತಾ ಹೇಳಿದ. ಎಲ್ಲರಿಗಿಂತ ಹೆಚ್ಚು ಸಲ ನಾನೇ ನನಗೆ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುತ್ತಿದ್ದ ತಿಂಗಳುಗಳಲ್ಲಿ ನನ್ನ ಅನ್ನನಾಳದ ಮೇಲ್ತುದಿಯಲ್ಲಿ, ಗಂಟಲಿನಿಂದ ಸ್ವಲ್ಪವೇ ಕೆಳಗೆ, ಕ್ಯಾನ್ಸರ್ ಬೆಳೆಯುತ್ತಿತ್ತು.

ಈಗ ಬದುಕಿದ್ದೇನೆ. ನುಂಗುತ್ತಿದ್ದೇನೆ. ಸಿಟ್ಟು ಮಾತ್ರ ಇಳಿದಿಲ್ಲ. ಕೈಯಲ್ಲಿ ನಾರ್ಮಲ್ ರಿಪೋರ್ಟು, ಗಂಟಲಲ್ಲಿ ಇಳಿಯದ ತುತ್ತು ಇಟ್ಟುಕೊಂಡು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರು ಇದನ್ನು ಓದಿದರೆ, ಎರಡರಲ್ಲಿ ತುತ್ತನ್ನೇ ಮೊದಲು ನಂಬಿ ಎಂದು ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ.

ನಂಬುವುದು ನನ್ನ ಸ್ವಭಾವವಲ್ಲ. ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿ, ಬಳ್ಳಾರಿಯಲ್ಲಿ ಕಬ್ಬಿಣದ ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವನು ನಾನು. ಅದಿರಿನ ಮಾದರಿ ಮೇಜಿಗೆ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ: ರಾಶಿಯ ಯಾವ ಭಾಗದಿಂದ ತೆಗೆದಿರಿ? ಮೇಲಿನಿಂದ ಒಂದು ಬೊಗಸೆ ಎತ್ತಿ ತಂದವನನ್ನು ಬೈದು ವಾಪಸು ಕಳಿಸಿದ್ದೇನೆ. ನಮ್ಮ ಲ್ಯಾಬಿನಲ್ಲಿ 'ಇಲ್ಲ' ಎಂದು ಬರೆಯುವ ಹಾಗಿಲ್ಲ, 'ಕಂಡುಬಂದಿಲ್ಲ' ಎಂದೇ ಬರೆಯಬೇಕು. ಇಷ್ಟು ಗೊತ್ತಿದ್ದವನು ನನ್ನ ಸ್ವಂತ ಗಂಟಲಿನ ವಿಷಯಕ್ಕೆ ಬಂದಾಗ 'ನಾರ್ಮಲ್' ಎಂಬ ಒಂದು ಪದಕ್ಕೆ ತಲೆಯಾಡಿಸಿ ಮನೆಗೆ ಬಂದೆ.

ಮೊದಲ ಎಂಡೋಸ್ಕೋಪಿ ಆದದ್ದು ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಬೆಂಚುಗಳೆಲ್ಲ ತುಂಬಿದ್ದವು. ಗಡಿಯಾಚೆಯಿಂದ ಬಂದವರು ತೆಲುಗಿನಲ್ಲಿ, ನಮ್ಮ ಕಡೆಯವರು ಕನ್ನಡದಲ್ಲಿ ಹೇಳುತ್ತಿದ್ದದ್ದು ಒಂದೇ: ಗ್ಯಾಸು. ನಮ್ಮಲ್ಲಿ ಎದೆ ಉರಿದರೂ ಗ್ಯಾಸು, ಬೆನ್ನು ಹಿಡಿದರೂ ಗ್ಯಾಸು, ಮನಸ್ಸು ಸರಿ ಇಲ್ಲದಿದ್ದರೂ ಗ್ಯಾಸು. ಒಳಗೆ ಕರೆದು ಎಡಮಗ್ಗುಲಿಗೆ ಮಲಗಿಸಿದರು. ನರ್ಸ್ ಗಂಟಲಿಗೆ ಕಹಿ ಔಷಧ ಹೊಡೆದು, ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆ ಕಚ್ಚಿಸುವ ಮುಂಚೆ ಡಾಕ್ಟರು ಕೇಳಿದರು:

"ಏನ್ ತೊಂದ್ರಿ?"

"ಗ್ಯಾಸ್ ಸರ್. ಎದಿ ಉರೀತೈತಿ."

ಅಷ್ಟೇ. ನಾನು ಹೇಳಿದ್ದೂ ಅಷ್ಟೇ, ಅವರು ಕೇಳಿದ್ದೂ ಅಷ್ಟೇ. ಪೈಪು ಒಳಗೆ ಹೋಯಿತು. ಕಣ್ಣು, ಮೂಗು, ಬಾಯಿ ಎಲ್ಲದರಿಂದ ನೀರು. "ಆತು, ಆತು, ಉಸಿರು ತಗೋರಿ" ಎನ್ನುತ್ತಾ ಹೊಟ್ಟೆಯಲ್ಲಿ ಏನನ್ನೋ ತಿರುಗಿಸಿ ನೋಡಿದರು. ಹೊರಗೆಳೆಯುವಾಗ ನಾನು ವಿಪರೀತ ಓಕರಿಸಿ ನರ್ಸಿನ ಮಣಿಕಟ್ಟು ಹಿಡಿದುಬಿಟ್ಟೆ. ಗಂಟಲ ಹತ್ತಿರ ಬಂದದ್ದೇ ಪೈಪು ಸರಕ್ಕನೆ ಹೊರಬಂತು. ನನಗೆ ನೆನಪಿರುವುದು ಹಾಗೆ. ಆದರೆ ಉಸಿರು ಕಟ್ಟಿದ ಮನುಷ್ಯ ಗಡಿಯಾರವಲ್ಲ. ಅವರು ನಿಧಾನವಾಗಿಯೇ ಎಳೆದಿದ್ದು, ಆಮೇಲೆ ನನ್ನ ಸಿಟ್ಟೇ ಅದನ್ನು ಸರಕ್ಕನೆ ಮಾಡಿರಬಹುದು. ಬರೆಯುತ್ತಾ ಹೋದಂತೆ ಈ ಅನುಮಾನ ಹೆಚ್ಚಾಗುತ್ತಿದೆ. ಓದುವವರಿಗೂ ಇರಲಿ ಎಂದು ಇಲ್ಲೇ ಹೇಳಿಬಿಡುತ್ತೇನೆ.

"ಏನೂ ಇಲ್ಲ, ನಾರ್ಮಲ್. ಮಿರ್ಚಿ ಕಮ್ಮಿ ಮಾಡ್ರಿ," ಎಂದರು ಡಾಕ್ಟರು. ಹೊರಗೆ ನಾಗವೇಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರೂ ಖುಷಿಯಲ್ಲಿ ಮನೆಗೆ ಬಂದೆವು.

ಆಮೇಲೆ ನಾನು ಸಣ್ಣಗಾಗುತ್ತಾ ಹೋದೆ. ಪ್ಯಾಂಟು ಸಡಿಲವಾಯಿತು. ಲ್ಯಾಬಿನಲ್ಲಿ "ಏನ್ ಸರ್, ಡಯಟ್ಟಾ?" ಎಂದು ಕೇಳಿದರು. ಮಧುಮೇಹ ನೋಡಿಸಿದೆ, ಥೈರಾಯ್ಡ್ ನೋಡಿಸಿದೆ. ಗಂಟಲನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವಂಥದ್ದು ಏನೂ ನನಗೆ ಗೊತ್ತಿರಲಿಲ್ಲ. ನುಂಗಲು ತೊಂದರೆಯೇ ಎಂದು ಯಾರಾದರೂ ಕೇಳಿದ್ದರೆ, ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತಿದ್ದೆ.

ಗೊತ್ತಾದದ್ದು ಸಿರುಗುಪ್ಪದಲ್ಲಿ. ಮಲ್ಲಪ್ಪನ ಬಸುರಿ ಮಗಳಿಗೆ ಕುಬಸದ ಊಟ. ಮನೆಯ ಅಳಿಯ ಎಂದು ನನ್ನನ್ನು ಪಂಕ್ತಿಯ ಮೊದಲಿಗೇ ಕೂರಿಸಿದರು. ಎಳ್ಳು ಹಚ್ಚಿದ, ಒಣಗಿ ಸೆಟೆದ ಸಜ್ಜೆ ರೊಟ್ಟಿ ತಂದು ಮಲ್ಲಪ್ಪ ನನ್ನ ಎಲೆಗೆ ಹಾಕಿದ. ನಾನು ಮುರಿದು ಬದಿಗೆ ಸರಿಸುತ್ತಿದ್ದದ್ದನ್ನು ನೋಡಿ ಎಲ್ಲರಿಗೂ ಕೇಳುವಂತೆ ಕೂಗಿದ:

"ಏನ್ ಭಾವಾ! ಲ್ಯಾಬಿನಾಗ ಸೊಂಡೂರು ಕಲ್ಲ ಅರೀತೀರಿ, ಒಂದ್ ಸಜ್ಜಿ ರೊಟ್ಟಿ ಅರಿಯಾಕ ಆಗಲ್ಲೇನು?"

ಪಂಕ್ತಿ ನಕ್ಕಿತು. ನಾನೂ ನಕ್ಕು ಒಂದು ದೊಡ್ಡ ತುಣುಕನ್ನು ಬಾಯಿಗಿಟ್ಟು ಅಗಿದು ನುಂಗಿದೆ. ಅದು ಇಳಿಯಲಿಲ್ಲ. ಕತ್ತಿನ ಗುಳಿಯ ಹಿಂದೆ ಗೂಟ ಹೊಡೆದಂತೆ ನಿಂತಿತು. ನೀರು ಕುಡಿದರೆ ನೀರೂ ಅದರ ಮೇಲೆ ನಿಂತಿತು. ಎದ್ದು ಹಿತ್ತಲಿಗೆ ಓಡಿದೆ. ಎಲ್ಲ ಹೊರಬಂದ ಮೇಲೆ ತಿರುಗಿ ನೋಡಿದರೆ ಮಲ್ಲಪ್ಪ ನೀರಿನ ಚೊಂಬು ಹಿಡಿದು ನಿಂತಿದ್ದ. ಮುಖದಲ್ಲಿ ನಗು ಇರಲಿಲ್ಲ.

"ಭಾವಾ, ನಾರ್ಮಲ್ ಬಂದಿತ್ತಲ್ರಿ?"

"ಬಂದಿತ್ತು."

"ಹಂಗಾದ್ರ ಇದೇನು?"

"ಗ್ಯಾಸು," ಎಂದೆ. ಬೇರೆ ಪದ ಇನ್ನೂ ಬಾಯಿಗೆ ಬಂದಿರಲಿಲ್ಲ.

ವಾಪಸು ಬಸ್ಸಿನಲ್ಲಿ ನಾಗವೇಣಿ ನನ್ನ ಪಕ್ಕ ಕುಳಿತಿದ್ದಳು; ಗದ್ದೆಗಳನ್ನು ದಾಟಿ ಸಿರಿಗೇರಿ ಕ್ರಾಸ್ ಬಂತು. ಆಮೇಲೆ ನಾನೇ ಹೇಳಿದೆ:

"ಮನ್ಯಾಗ ಒಂದಿನಾನೂ ಹಿಂಗ ಆಗಿಲ್ಲಲ್ಲ."

"ಮನ್ಯಾಗ ಹೆಂಗ ಆಗತೈತ್ರಿ? ನಾ ಮೆತ್ತಗ ಮಾಡಿ ಕೊಡ್ತೀನಲ್ಲ."

"ಏನ್ ಮೆತ್ತಗ ಮಾಡಿ?"

"ರೊಟ್ಟೀನ. ಮುರದು ಬಿಸಿ ಸಾರಿನಾಗ ಹಾಕಿ ಇಡ್ತೀನಿ, ನೀವು ಕೈಕಾಲು ತೊಳಕೊಂಡು ಬರೋದ್ರಾಗ ಹದಕ್ಕ ಬಂದಿರ್ತೈತಿ. ಮೊದ್ಲು ಖಡಕ್ ರೊಟ್ಟಿ ಬ್ಯಾಡ ಅಂದ್ರಿ, ಬಿಸಿ ರೊಟ್ಟಿ ಮಾಡಿದೆ. ಆಮ್ಯಾಲ ಅದೂ ಗಟ್ಟಿ ಅಂದ್ರಿ. ಈಗ ರಾತ್ರಿಗಂತೂ ಬರೇ ನುಚ್ಚು ಮಜ್ಜಿಗಿ ನಡದೈತಿ ನಿಮಗ."

"ನಾ ಯಾವಾಗ ಅಂದೆ?"

"ನೀವ ಅಂದ್ರಿ."

"ನಾ ಅಂದಿಲ್ಲ."

"ಅಂದ್ರಿ ಅಂದ್ರ ಅಂದ್ರಿ! ಸುಳ್ಳು ಹೇಳಾಕ ನನಗೇನು ಹುಚ್ಚೇನು?"

ಕಂಡಕ್ಟರ್ ತಿರುಗಿ ನೋಡಿದ. ನಾನು ಕಿಟಕಿಯ ಕಡೆ ಮುಖ ಮಾಡಿದೆ. ನಾನು ಹಾಗೆ ಹೇಳಿದ ನೆನಪು ನನಗಿಲ್ಲ, ಇವತ್ತಿಗೂ ಇಲ್ಲ. ಆದರೆ ನಮ್ಮ ಮನೆಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಗೊತ್ತು. ಗಂಡಸು ತಾಟಿನ ಮುಂದೆ ಕುಳಿತು ಒಮ್ಮೆ ಗೊಣಗಿದರೆ ಸಾಕು, ಮರುದಿನದಿಂದ ಅಡುಗೆ ಬದಲಾಗುತ್ತದೆ. ಬದಲಾಯಿತು ಎಂದು ಮಾಡಿದವಳು ಹೇಳುವುದಿಲ್ಲ, ತಿನ್ನುವವನು ಕೇಳುವುದಿಲ್ಲ. ಹೀಗೆ ರೋಗ ಒಂದೊಂದೇ ಮೆಟ್ಟಿಲು ಮೇಲೆ ಬರುತ್ತಿದ್ದರೆ, ನನ್ನ ಊಟ ಒಂದೊಂದೇ ಮೆಟ್ಟಿಲು ಕೆಳಗಿಳಿದು ಅದಕ್ಕೆ ದಾರಿ ಬಿಟ್ಟಿತ್ತು. ತೊಂದರೆ ಇಲ್ಲ ಎಂದು ನಾನು ಹೇಳುತ್ತಿದ್ದೆ. ತೊಂದರೆ ಕೊಡುವ ತುತ್ತು ನನ್ನ ತಾಟಿಗೆ ಬರುತ್ತಲೇ ಇರಲಿಲ್ಲ.

"ಯಾವಾಗಿಂದ ಇದು?" ಎಂದು ಕೇಳಿದೆ.

"ಕುರುಗೋಡಿಂದ ನಿಮ್ಮ ಅಕ್ಕಾರು ಶೇಂಗಾ ಕೊಟ್ಟು ಕಳಿಸಿದ್ರು ನೋಡ್ರಿ, ಆವಾಗಿಂದ."

"ಅದು ಎಂಡೋಸ್ಕೋಪಿ ಆದಮ್ಯಾಲ."

"ಅಲ್ಲ, ಅದಕ್ಕಿಂತ ಮೊದ್ಲ."

ಈ ಜಗಳ ಸಣ್ಣದಲ್ಲ. ರೊಟ್ಟಿ ಮೊದಲೇ ಮೆತ್ತಗಾಗಿದ್ದರೆ, ಪೈಪು ಒಳಗೆ ಹೋದ ದಿನವೂ ಗಡ್ಡೆ ಅಲ್ಲೇ ಇತ್ತು, ಕ್ಯಾಮೆರಾ ಅದರ ಪಕ್ಕದಲ್ಲೇ ಹಾದುಹೋಯಿತು. ಆಮೇಲೆ ಮೆತ್ತಗಾಗಿದ್ದರೆ, ಅವತ್ತು ಕಾಣುವಂಥದ್ದು ಇರಲಿಲ್ಲವೇನೋ.

ರಿಪೋರ್ಟು ಹಿಡಿದು ಅದೇ ಡಾಕ್ಟರ ಹತ್ತಿರ ಹೋದೆ. ಸಿರುಗುಪ್ಪದಲ್ಲಿ ಆದದ್ದನ್ನು ಹೇಳಿದೆ. ಅವರು ರಿಪೋರ್ಟನ್ನೇ ನೋಡಿದರು, ನನ್ನನ್ನು ನೋಡಲಿಲ್ಲ.

"ನಾರ್ಮಲ್ ಐತಲ್ರಿ. ನಾನ ಕ್ಯಾಮೆರಾ ಹಾಕಿ ನೋಡೀನಿ. ಇದು ಟೆನ್ಷನ್. ಓದಿದವರಿಗೆ ಹೆಚ್ಗಿ ಆಗತೈತಿ, ಮೊಬೈಲಿನಾಗ ಏನೇನೋ ನೋಡ್ತೀರಿ."

"ಸರ್, ಗಂಟಲ ಹತ್ರ ನಿಧಾನಕ್ಕ ನೋಡಿದ್ರಾ?"

"ಪೂರಾ ನೋಡೀನಿ."

"ನಮ್ಮ ಲ್ಯಾಬಿನಾಗ ರಾಶಿಯ ಒಂದು ಮೂಲಿ ಬಿಟ್ಟುಹೋದ್ರ ನಾವು..."

"ಇದು ಅದಿರಲ್ಲ ಸಾರ್, ಮನುಷ್ಯಾ." ಮುಂದಿನ ಪೇಶೆಂಟನ್ನು ಕರೆಯಲು ಗಂಟೆ ಒತ್ತಿದರು. ಒಂದು ಚಿಂತೆಯ ಗುಳಿಗೆ ಬರೆದು ಕೊಟ್ಟರು.

ಇದು ಅದಿರಲ್ಲ, ಮನುಷ್ಯ! ಹೌದು ಸ್ವಾಮಿ, ಅದಕ್ಕೇ ಕೇಳಿದ್ದು. ಅದಿರಿನಲ್ಲಿ ತಪ್ಪಿದರೆ ಇನ್ನೊಂದು ಲಾರಿ ಬರುತ್ತದೆ. ಆ ಗಂಟೆಯ ಸದ್ದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕಣ್ಣು ತಪ್ಪುವುದು ನನಗೆ ಗೊತ್ತಿದೆ, ಕಣ್ಣಿನ ಕೆಲಸವೇ ನನ್ನದೂ. ಆದರೆ ಇನ್ನೊಮ್ಮೆ ನೋಡುತ್ತೇನೆ ಎನ್ನುವುದಕ್ಕೆ ಬಾಯಿ ಬರದಂಥ ಸೊಕ್ಕು ಯಾವ ಓದಿನಿಂದ ಬರುತ್ತದೆ? ಇನ್ನೂ ಸಿಟ್ಟು ಬರುವ ಸಂಗತಿಯೆಂದರೆ, ಆ ಚಿಂತೆಯ ಗುಳಿಗೆಯನ್ನು ನಾನು ನುಂಗಿದೆ. ಅದು ಸಣ್ಣದಿತ್ತು, ಇಳಿಯಿತು. ಇಳಿಯಿತಲ್ಲ, ಡಾಕ್ಟರು ಹೇಳಿದ್ದೇ ಸರಿ ಇರಬೇಕು ಎಂದುಕೊಂಡೆ.

ಭಾನುವಾರ ಕುರುಗೋಡಿಗೆ ಹೋದೆ. ಅಲ್ಲಿ ನನ್ನ ಅಕ್ಕ ಗಂಗಮ್ಮ ಇದ್ದಾಳೆ, ಜೋರು ಬಾಯಿಯ ಹೆಂಗಸು. ಅವಳ ಮನೆಯಲ್ಲಿ ಜೋಳದ ಖಡಕ್ ರೊಟ್ಟಿ ಹಪ್ಪಳದಂತೆ ಪೇರಿಸಿಟ್ಟಿರುತ್ತದೆ. ಒಂದನ್ನು ಕೊಡು ಎಂದೆ.

"ತಡೀ, ಪಲ್ಯ ಹಾಕ್ತೀನಿ."

"ಬ್ಯಾಡ. ಬರೇ ರೊಟ್ಟಿ."

"ಯಾಕ, ನನ್ ಪಲ್ಯಕ್ಕೇನ್ ಬ್ಯಾನಿ ಬಂದೈತಿ?"

ಜಗುಲಿಯ ಮೇಲೆ ಕುಳಿತು ಒಣ ರೊಟ್ಟಿ ಮುರಿದು ಅಗಿದೆ. ಎರಡನೆಯ ತುತ್ತಿಗೇ ನಿಂತಿತು. ಅದೇ ಜಾಗ. ಬೆರಳಿಟ್ಟು ತೋರಿಸಿದೆ. ಅಕ್ಕ ನನ್ನ ಬೆನ್ನು ಗುದ್ದಿ ಗುದ್ದಿ ಅದನ್ನು ಹೊರಹಾಕಿಸಿದಳು. ಎಲ್ಲ ಕೇಳಿದ ಮೇಲೆ ಅವಳು ಎತ್ತಿದ ದನಿಗೆ ಪಕ್ಕದ ಮನೆಯವರು ಹೊರಬಂದರು.

"ಆ ಡಾಕ್ಟ್ರು ಬಂದು ನುಂಗ್ಯಾನೇನು ನಿನ್ ತುತ್ತು? ಗಂಟ್ಲು ಯಾರದು ಲೇ? ಮಾಸ್ತರಗಿ ಮಾಡ್ತಿ ಎಲ್ಲಾರ ಮ್ಯಾಲ, ನಿನ್ ಸಂಕಟಕ್ಕ ನಿನಗ ಮಾತು ಬರಲ್ಲೇನು? ನಾಳಿ ನಾ ಬರ್ತೀನಿ ನಡೀ."

ಬಂದಳು. ನಾವು ಹೋದದ್ದು ಬೇರೊಂದು ದೊಡ್ಡ ಆಸ್ಪತ್ರೆಗೆ. ಅಲ್ಲಿ ನೋಡಿದವರು ಒಬ್ಬ ಹಿರಿಯ ಲೇಡಿ ಡಾಕ್ಟರು. ನಾನು ಮತ್ತೆ ರಿಪೋರ್ಟಿನಿಂದಲೇ ಮಾತು ಶುರುಮಾಡಿದೆ. ಅಕ್ಕ ತಾಳಲಿಲ್ಲ. ಕೈಚೀಲಕ್ಕೆ ಕೈಹಾಕಿ, ಅರಿವೆಯಲ್ಲಿ ಸುತ್ತಿದ್ದ ರೊಟ್ಟಿಯ ಗಂಟನ್ನು ಡಾಕ್ಟರ ಮೇಜಿನ ಮೇಲೆ ಬಿಚ್ಚಿದಳು.

"ಅಮ್ಮಾರ, ಇವ ಇಂಗ್ಲೀಷಿನಾಗ ಹೇಳಿದ್ರ ನಿಮಗ ತಿಳಿಯಂಗಿಲ್ಲ. ಇಲ್ಲೇ ತಿಂದು ತೋರಿಸ್ತಾನ, ನೋಡ್ರಿ."

ನಾನು ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಡಾಕ್ಟರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ, ನೀರಿನ ಲೋಟ ನನ್ನ ಹತ್ತಿರ ಸರಿಸಿ, "ಸಣ್ಣ ತುಣುಕು ತಗೋರಿ" ಎಂದರು. ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಒಬ್ಬ ಡಾಕ್ಟರು ಕೈಕಟ್ಟಿ ಕುಳಿತು ನಾನು ರೊಟ್ಟಿ ತಿನ್ನುವುದನ್ನು ನೋಡಿದರು. ನಾನು ಅಗಿದೆ, ನುಂಗಿದೆ, ತುತ್ತು ನಿಂತಿತು. ಕಣ್ಣಲ್ಲಿ ನೀರು ಬಂತು. ಅವರು ಎದ್ದು ಬಂದು, "ಎಲ್ಲಿ? ಬೆರಳಿಡ್ರಿ" ಎಂದರು. ಇಟ್ಟೆ.

"ನಾಳಿ ಖಾಲಿ ಹೊಟ್ಟೀಲೆ ಬರ್ರಿ. ಇದೇ ಜಾಗಾ ನಿಧಾನಕ್ಕ ನೋಡ್ತೀನಿ. ಓಕರಿಕೆ ಬಂದ್ರೂ ಸ್ವಲ್ಪ ತಡಕೋಬೇಕು ನೀವು."

ತಡೆದುಕೊಂಡೆ. ಮರುದಿನ ಅವರು ಪೈಪನ್ನು ಹೊರಗೆಳೆಯುವಾಗ ಗಂಟಲ ಕೆಳಗೆ ನಿಲ್ಲಿಸಿದರು. ಗಾಳಿ ಬಿಟ್ಟರು, ನೀರು ಬಿಟ್ಟು ತೊಳೆದರು, ಮತ್ತೆ ನೋಡಿದರು. ಅದೇ ಜಾಗಕ್ಕೆ ಮತ್ತೆ ಮತ್ತೆ ನೀರು ಬಿಡುತ್ತಿದ್ದಾಗಲೇ ನನಗೆ ಗೊತ್ತಾಯಿತು. ತುಣುಕು ಕಿತ್ತು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗಿನ ದಿನಗಳ ಬಗ್ಗೆ ಬರೆಯಲಾರೆ. ನಾಗವೇಣಿ ಮನೆಯ ಡಬ್ಬಿಗಳನ್ನೆಲ್ಲ ತೊಳೆದಳು, ತೊಳೆದವನ್ನೇ ಮತ್ತೆ ತೊಳೆದಳು ಎಂದಷ್ಟೇ ಹೇಳುತ್ತೇನೆ.

ಕ್ಯಾನ್ಸರ್ ಎಂದು ಉತ್ತರ ಬಂದ ದಿನ ನಾನು ಡಾಕ್ಟರನ್ನು ಕೇಳಿದ್ದು ಬದುಕುತ್ತೇನೆಯೇ ಎಂದಲ್ಲ. "ಮೊದಲನೆ ಸಲ ಇದು ಇತ್ತಾ ಮೇಡಂ?" ಎಂದು ಕೇಳಿದೆ.

"ಇದ್ದಿರಬಹುದು. ಇರದೇನೂ ಇದ್ದಿರಬಹುದು," ಎಂದರು. "ಆ ಜಾಗಾ ಮೋಸದ ಜಾಗಾ. ಒಳಗ ಹೋಗುವಾಗ ಜಾರಿ ಹೋಗ್ತೈತಿ, ಹೊರಗ ಬರುವಾಗ ಪೇಶೆಂಟು ಒದ್ದಾಡ್ತಿರ್ತಾರ, ನಾವು ಲಗೂ ತೆಗೀತೀವಿ. ಸಣ್ಣದಿದ್ರ ಬರೇ ಬಣ್ಣದಾಗ ಚೂರು ಫರಕು, ಅಷ್ಟ. ನನ್ನ ಕಣ್ಣಿಗೂ ತಪ್ಪಿರ್ತಾವು. ಕ್ಯಾಮೆರಾ ಬರೇ ತೋರಿಸ್ತೈತಿ ನೋಡ್ರಿ, ನೋಡಬೇಕಾದವರು ನಾವು."

ಓದುವ ಕಾಲದಲ್ಲಿ ನಮ್ಮನ್ನು ಸಂಗನಕಲ್ಲಿನ ಗುಡ್ಡಕ್ಕೆ ಕರೆದೊಯ್ದಿದ್ದರು. ಆದಿಮಾನವರು ಕೆತ್ತಿದ ಕಲ್ಲಿನ ಆಯುಧಗಳನ್ನು ಹುಡುಕಿ ಎಂದರು. ಮಧ್ಯಾಹ್ನದ ಬಿಸಿಲಲ್ಲಿ ಇಡೀ ಇಳಿಜಾರು ತಿರುಗಿದರೂ ನಮಗೆ ಸಿಕ್ಕಿದ್ದು ಬರೀ ಕಲ್ಲು. ಸಂಜೆ ಇಳಿಯುವಾಗ ಅದೇ ಇಳಿಜಾರಿನಲ್ಲಿ ಓರೆ ಬೆಳಕು ಬಿದ್ದಿತ್ತು. ಕೆತ್ತಿದ ಅಂಚುಗಳು ಕಾಲ ಬುಡದಲ್ಲೇ ಎದ್ದು ಕಂಡವು. ಮೊದಲು ಕಂಡವನು ನಾನೋ ಗೆಳೆಯನೋ ಈಗ ಖಾತ್ರಿ ಇಲ್ಲ. ಆದರೆ ಮಧ್ಯಾಹ್ನ ನಾವು ಅವುಗಳನ್ನು ತುಳಿದುಕೊಂಡೇ ಹೋಗಿದ್ದೆವು ಎಂಬುದು ಖಾತ್ರಿ.

ಚಿಕಿತ್ಸೆಗೆ ದೂರದ ಊರಿಗೆ ಹೋಗಬೇಕಾಯಿತು. ವಿಕಿರಣ, ಅದರ ಜೊತೆಗೆ ಔಷಧಿ. ಗಂಟಲು ಒಳಗಿನಿಂದ ಸುಟ್ಟಂತಾಗಿ ಎಂಜಲು ನುಂಗುವುದೂ ಆಗದೆ, ಮೂಗಿನಿಂದ ಹೊಟ್ಟೆಗೆ ನಳಿಗೆ ಇಟ್ಟರು. ನಾಗವೇಣಿ ಅದರಲ್ಲಿ ಗಂಜಿ ಬಿಡುವಾಗ ಪ್ರತಿ ಸಲವೂ ಹೇಳುತ್ತಿದ್ದಳು: "ಇವತ್ತು ಹೆಸರುಬ್ಯಾಳಿ ಕಟ್ಟು, ಜರಾ ಜೀರಿಗಿ ಹಾಕೀನಿ." ರುಚಿ ನನಗೆ ಗೊತ್ತಾಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಹೇಳದೆ ಒಂದು ದಿನವೂ ಬಿಡಲಿಲ್ಲ. ಮಲ್ಲಪ್ಪ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದ. ಇಡೀ ಸಿರುಗುಪ್ಪವನ್ನು ನಗಿಸುವವನು ಇಲ್ಲಿ ನನ್ನ ಕಾಲೊತ್ತುತ್ತಿದ್ದ. ಒಮ್ಮೆ ಮಾತ್ರ, "ಭಾವಾ, ಆ ರೊಟ್ಟಿ ನಾ ಹಾಕಬಾರದಿತ್ತು" ಎಂದ. ಮಾತಾಡಲು ಆಗದ ನಾನು ಅವನ ತಲೆಗೆ ಮೊಟಕಿದೆ. ಆ ರೊಟ್ಟಿ ಹಾಕದಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆ?

ಊರಿಗೆ ಮರಳಿ ಬಹಳ ದಿನಗಳಾದ ಮೇಲೆ ಲೇಡಿ ಡಾಕ್ಟರು ಮತ್ತೆ ಪೈಪು ಹಾಕಿ ನೋಡಿದರು. ಅವರು 'ನಾರ್ಮಲ್' ಎನ್ನಲಿಲ್ಲ. "ಈಗ ನನಗೇನೂ ಕಾಣಸ್ತಿಲ್ಲ, ಮತ್ತ ನೋಡೋಣ" ಎಂದರು. ಅಷ್ಟು ನೆಮ್ಮದಿಯ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಈಗ ಮನೆಯಲ್ಲಿ ಒಂದು ಕಟ್ಟಳೆ ಇದೆ: ಸೋಮವಾರ ಮಧ್ಯಾಹ್ನ ನನ್ನ ತಾಟಿಗೆ ಒಂದು ತುಂಡು ಒಣ ಖಡಕ್ ರೊಟ್ಟಿ. ವಿಕಿರಣದಿಂದ ಬಾಯಿ ಒಣಗಿದೆ, ಇಳಿಯುವುದು ನಿಧಾನ. ಇಳಿಯುವವರೆಗೆ ನಾಗವೇಣಿ ನನ್ನ ಕತ್ತನ್ನೇ ನೋಡುತ್ತಾಳೆ, ನಾನು ಅವಳ ಮುಖವನ್ನು ನೋಡುತ್ತೇನೆ.

ಇಷ್ಟಾದರೂ ನನಗೆ ಸಮಾಧಾನವಿರಲಿಲ್ಲ. ಮೊದಲ ಡಾಕ್ಟರ ಎದುರು ನಿಂತು, ಅವತ್ತು ಅದು ಇತ್ತು, ನೀವು ನೋಡಲಿಲ್ಲ ಎನ್ನಬೇಕಿತ್ತು. ಅದಕ್ಕೆ ಶೇಂಗಾ ಬಂದದ್ದು ಯಾವಾಗ ಎಂದು ಗೊತ್ತಾಗಬೇಕಿತ್ತು. ಕುರುಗೋಡಿಗೆ ಹೋಗಿ ಅಕ್ಕನನ್ನು ಕೇಳಿದೆ.

"ಯಾವ ಶೇಂಗಾ?" ಎಂದಳು. "ಆ ವರ್ಷ ನಾ ಶೇಂಗಾ ಕೊಟ್ಟೇ ಇಲ್ಲಲೇ. ಕೊಟ್ಟಿದ್ದು ಕಡ್ಲಿ."

ಹೋಯಿತು. ಒಂದು ಮನೆ, ಮೂರು ನೆನಪು. ಲ್ಯಾಬಿನಲ್ಲಾದರೆ ಮೂರನ್ನೂ ತಿಪ್ಪೆಗೆ ಎಸೆಯುತ್ತಿದ್ದೆ.

ಆದರೂ ಆ ಆಸ್ಪತ್ರೆಗೆ ಹೋದೆ. ಇತ್ತೋ ಇಲ್ಲವೋ ಆಮೇಲಿನ ಮಾತು. ನುಂಗಲಾಗುತ್ತಿಲ್ಲ ಎಂದು ಎರಡನೆಯ ಸಲ ಬಂದವನಿಗೆ ಗಂಟೆ ಒತ್ತಿದಿರಲ್ಲ, ಅದಕ್ಕೆ ನೆನಪಿನ ಸಾಕ್ಷಿ ಬೇಡ, ಅದನ್ನೇ ಕೇಳುತ್ತೇನೆ ಎಂದು ಹೊರಟೆ. ಅದೇ ಬೆಂಚು, ಅಷ್ಟೇ ಜನ. ಪಕ್ಕದಲ್ಲಿ ಸಿರಿಗೇರಿಯಿಂದ ಬಂದ ಗಂಡ ಹೆಂಡತಿ. ಗಂಡ ತೆಳ್ಳಗಿದ್ದ, ಅಂಗಿ ದೊಗಲೆಯಾಗಿತ್ತು.

"ಏನ್ ತೊಂದ್ರಿ?" ಎಂದೆ.

"ಗ್ಯಾಸ್ ರೀ."

"ರೊಟ್ಟಿ ತಿಂತೀರಾ?"

ಇದೆಂಥ ಪ್ರಶ್ನೆ ಎಂಬಂತೆ ನೋಡಿದ. "ರೊಟ್ಟಿ ಬಿಟ್ಟು ಭಾಳ ದಿನಾ ಆತ್ರಿ. ಅನ್ನಾ, ಮಜ್ಜಿಗಿ, ಅಷ್ಟ."

"ಯಾಕ ಬಿಟ್ರಿ?"

ಅವನು ಹೆಂಡತಿಯ ಕಡೆ ತಿರುಗಿದ.

"ಯಾಕ ಬಿಟ್ನಿ ನಾನು?"

ಅವಳು ನನ್ನ ಮುಖ ನೋಡಿದಳು. ನನ್ನ ಕತ್ತಿನ ಮೇಲೆ ವಿಕಿರಣ ಸುಟ್ಟ ಕಪ್ಪು ಕಲೆಯನ್ನು ನೋಡಿದಳು. ಅಷ್ಟರಲ್ಲಿ ಬಾಗಿಲಿನಿಂದ ಅವನ ಹೆಸರು ಕೂಗಿದರು.

"ಗ್ಯಾಸ್ ಅನ್ನಬ್ಯಾಡ್ರಿ," ಎಂದೆ. "ರೊಟ್ಟಿ ಬಿಟ್ಟೀನಿ, ಒಣಾ ತುತ್ತು ಇಳಿಯಂಗಿಲ್ಲ ಅಂತ ಮೊದ್ಲು ಹೇಳ್ರಿ. ಅವರು ಗಂಟ್ಲ ಹತ್ರ ನಿಧಾನಕ್ಕ ನೋಡ್ತೀನಿ ಅನ್ನೋತನಕ ಆ ಮಂಚಾ ಹತ್ತಬ್ಯಾಡ್ರಿ. ಗಂಟಿ ಒತ್ತಿದ್ರೂ ಏಳಬ್ಯಾಡ್ರಿ."

ಅವರಿಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ನಾನು ಬೆಂಚಿನ ಮೇಲೆ ಕುಳಿತು, ಆ ಗಂಟೆಯ ಸದ್ದು ಬರುತ್ತದೋ ಎಂದು ಕಿವಿಗೊಟ್ಟು ಕಾದೆ. ಬಂದರೆ ನಾನೂ ಒಳಗೆ ನುಗ್ಗುವವನಿದ್ದೆ.

ಬಹಳ ಹೊತ್ತು ಬರಲಿಲ್ಲ.